ಕೂಸನ್ನು ಕಟ್ಟಬೇಡಿ, ಬಾವಿಯನ್ನು ಮುಚ್ಚಿ

2024ರ ಏಪ್ರಿಲ್ 3ರ ಸಂಜೆ ಇಂಡಿ ತಾಲೂಕಿನ ಲಚ್ಯಾಣದ ಹೊಲವೊಂದರಲ್ಲಿ ಸುಮಾರು ಎರಡು ವರ್ಷದ ಕೂಸೊಂದು ಆಡುತ್ತಾ ಹೋಗಿ ತೆರೆದ ಕೊಳವೆಬಾವಿಯೊಳಗೆ ಬಿತ್ತು. ಹದಿನಾರು ಅಡಿಯಷ್ಟು ಕೆಳಗೆ, ತಲೆ ಕೆಳಗಾಗಿ ಸಿಕ್ಕಿಕೊಂಡಿತು. ರಮಜಾನಿನ ಕೊನೆಯ ಹತ್ತು ದಿನಗಳು ಅವು. ಸಿಂದಗಿಯ ನಮ್ಮ ಓಣಿಯ ಮಸೀದಿಯಲ್ಲಿ ತರಾವೀಹ್ ಮುಗಿದ ಮೇಲೆ ಯಾರೂ ಹೇಳದೆಯೇ ಎಲ್ಲರ ಕೈಗಳು ಆ ಕೂಸಿಗಾಗಿ ಮೇಲೆದ್ದವು. ಪಕ್ಕದ ಓಣಿಯ ಗುಡಿಯಲ್ಲಿ ತಡರಾತ್ರಿಯವರೆಗೆ ದೀಪ ಉರಿಯುತ್ತಿತ್ತು. ಸಹರಿಗೆ ಎದ್ದವರು ನೀರು ಕುಡಿಯುವ ಮೊದಲೇ ಕೇಳಿದ್ದು "ಹೊರಗ ಬಂತೇನು?" ಎಂದು. ಮರುದಿನ ಮಧ್ಯಾಹ್ನ, ಸುಮಾರು 20 ಗಂಟೆಗಳ ನಂತರ, ಪಕ್ಕದಲ್ಲಿ ಗುಂಡಿ ತೋಡಿ, ಅಡ್ಡಕ್ಕೆ ಸುರಂಗ ಕೊರೆದು ರಕ್ಷಣಾ ಪಡೆಯವರು ಕೂಸನ್ನು ಜೀವಂತವಾಗಿ ಹೊರತೆಗೆದರು. ಇಡೀ ಜಿಲ್ಲೆ ಒಂದೇ ಮನೆಯಂತೆ ಉಸಿರು ಬಿಟ್ಟ ಗಳಿಗೆ ಅದು. ನನಗೂ ಕಣ್ಣು ತುಂಬಿ ಬಂತು. ಆಗ ನನ್ನ ಮಗಳಿಗೆ ಹತ್ತು ತಿಂಗಳು.

ಆದರೆ ಆ ಇಪ್ಪತ್ತು ಗಂಟೆಗಳಲ್ಲಿ ನಾನು ಇನ್ನೊಂದು ಮಾತನ್ನೂ ಕೇಳಿದೆ. ಬಸ್ ನಿಲ್ದಾಣದಲ್ಲಿ, ಪೇಪರಿನ ಅಂಗಡಿಯಲ್ಲಿ, ಇಫ್ತಾರಿನ ದಸ್ತರಖಾನಿನ ಸುತ್ತ ಅದೇ ಮಾತು. "ಅಲ್ರೀ, ಆ ಕೂಸಿನ ತಾಯಿ ಏನ್ ಮಾಡಾಕತ್ತಿದ್ಲು?" ಹೇಳಿದವರೆಲ್ಲ ಸಜ್ಜನರು. ಅವರಲ್ಲಿ ಮೇಷ್ಟ್ರುಗಳಿದ್ದರು, ಹಾಜಿಗಳಿದ್ದರು, ಪ್ರಗತಿಪರರೂ ಇದ್ದರು. ನಮ್ಮ ಜಿಲ್ಲೆಯಲ್ಲಿ ಭೂಮಿಗೆ ನೂರಾರು ಅಡಿ ತೂತು ಕೊರೆದವರು ಅದಕ್ಕೊಂದು ಮುಚ್ಚಳ ಹಾಕುವ ಪದ್ಧತಿಯನ್ನು ಇನ್ನೂ ಯಾಕೆ ಕಲಿತಿಲ್ಲ ಎಂದು ಕೇಳಿದವರು ಮಾತ್ರ ಒಬ್ಬಿಬ್ಬರು.

ಆ ಕುಟುಂಬದ ನೋವನ್ನು ತೂಗುವ ಹಕ್ಕು ನನಗಿಲ್ಲ, ತೂಗುವುದೂ ಇಲ್ಲ. ನಾನು ಜಗಳ ಹೂಡುತ್ತಿರುವುದು ಆ ಪ್ರಶ್ನೆಯ ಮೇಲೆ. ಯಾಕೆಂದರೆ ಎರಡೇ ತಿಂಗಳಲ್ಲಿ ಅದೇ ಪ್ರಶ್ನೆ ನನ್ನ ಮನೆಗೂ ಬಂತು.

ನನ್ನ ಮಗಳು ಇಬ್ಬರು ಗಂಡುಮಕ್ಕಳ ನಂತರ, ಎಂಟು ವರ್ಷ ಬಿಟ್ಟು ಹುಟ್ಟಿದವಳು. ಏಳನೆಯ ತಿಂಗಳಿಗೆ ಅಂಬೆಗಾಲಿಟ್ಟಳು. ಒಂಬತ್ತನೆಯ ತಿಂಗಳಿಗೆ ಹತ್ತಲು ಶುರು ಮಾಡಿದಳು. ನಿಂತರೆ ತೂರಾಡುತ್ತಿದ್ದಳು, ಒಂದು ಹೆಜ್ಜೆಯನ್ನೂ ಇಡಲಾರದವಳು, ಆದರೆ ಟ್ರಂಕಿನ ಮೇಲೆ ಸಲೀಸಾಗಿ ಏರುತ್ತಿದ್ದಳು. ಟ್ರಂಕಿನಿಂದ ಮಡಚಿಟ್ಟ ಹಾಸಿಗೆಯ ಒಟ್ಟಿಲಿಗೆ, ಅಲ್ಲಿಂದ ಕಿಟಕಿಯ ಕಟ್ಟೆಗೆ. ಜೋಳದ ಚೀಲ, ಹೊಲಿಗೆ ಮೆಷಿನ್ನು, ನೀರಿನ ಹಂಡೆಯ ಕಟ್ಟೆ ಯಾವುದನ್ನೂ ಬಿಡಲಿಲ್ಲ. ನನ್ನ ಪುಸ್ತಕದ ಕಪಾಟಿನ ಕೆಳಗಿನ ಎರಡು ಅರೆಗಳಲ್ಲಿ ಉರ್ದು, ಮೇಲಿನ ಎರಡರಲ್ಲಿ ಕನ್ನಡ. ನಾನು ನಾಲ್ಕನೆಯ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡಕ್ಕೆ ಏರಿದವನು. ಅವಳು ಆ ದಾರಿಯನ್ನು ಒಂದೇ ಮಧ್ಯಾಹ್ನದಲ್ಲಿ ಕ್ರಮಿಸಿದಳು ಎಂದು ಗೆಳೆಯರ ಮುಂದೆ ಹೇಳಿಕೊಂಡು ನಗುತ್ತಿದ್ದೆ. ನಗುವುದು ನನ್ನ ಪಾಲಿನ ಕೆಲಸವಾಗಿತ್ತು. ಹಿಂದೆ ಹಿಂದೆ ಓಡುವುದು ಹೆಂಡತಿಯ ಪಾಲಿಗೆ ಬಂದಿತ್ತು.

ಬಕ್ರೀದಿಗೆ ಒಂದು ವಾರ ಇರುವಾಗ ಅವಳು ಟ್ರಂಕಿನಿಂದ ಬಿದ್ದಳು. ಗದ್ದ ಸೀಳಿತು. ಪಡಸಾಲೆಯಲ್ಲಿ ಕುಳಿತು ಕಥೆಯೊಂದನ್ನು ತಿದ್ದುತ್ತಿದ್ದ ನನಗೂ ಆ ಟ್ರಂಕಿಗೂ ನಡುವೆ ಇದ್ದದ್ದು ಆರೇ ಹೆಜ್ಜೆ. ಹೆಂಡತಿ ಹಿತ್ತಲಲ್ಲಿ ನೀರು ಹಿಡಿಯುತ್ತಿದ್ದಳು. ದವಾಖಾನೆಯಲ್ಲಿ ಹೊಲಿಗೆ ಹಾಕುತ್ತಿದ್ದವರು ತಲೆಯೆತ್ತದೆ ಹೆಂಡತಿಯನ್ನು ಕೇಳಿದರು: "ಏನಮ್ಮಾ, ಮಗು ಬೀಳೋತನ ನೀನು ಏನು ಮಾಡ್ತಿದ್ದಿ?" ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. "ನಾನು ಆರು ಹೆಜ್ಜೆ ದೂರದಲ್ಲಿದ್ದೆ, ಅವಳು ನೀರು ತರಲು ಹೋಗಿದ್ದಳು" ಎಂಬ ಒಂದು ವಾಕ್ಯ ನನ್ನ ಗಂಟಲವರೆಗೆ ಬಂದು ಅಲ್ಲೇ ಉಳಿಯಿತು. ಕಥೆಗಳಲ್ಲಿ ಹೆಣ್ಣಿನ ಸಂಕಟ ಬರೆದು ಚಪ್ಪಾಳೆ ಗಿಟ್ಟಿಸಿಕೊಂಡವನು ನಾನು. ಆ ದಿನ ನನ್ನ ಬಾಯಿಗೆ ಯಾರೂ ಹೊಲಿಗೆ ಹಾಕಿರಲಿಲ್ಲ.

ಮನೆಗೆ ಬಂದ ಮೇಲೆ ಸಲಹೆಗಳ ಮಳೆ ಸುರಿಯಿತು. ಬಸವನ ಬಾಗೇವಾಡಿಯಿಂದ ಬಂದ ಹೆಂಡತಿಯ ಬಳಗದ ಹಿರಿಯಳು "ಪಲಂಗದ ಕಾಲಿಗೆ ದುಪಟ್ಟಾ ಕಟ್ಟಿ ಕೂಸಿನ ಸೊಂಟಕ್ಕೆ ಸುತ್ತು" ಎಂದಳು. ಒಬ್ಬರು ವಾಕರ್ ತನ್ನಿ ಎಂದರು. ಇನ್ನೊಬ್ಬರು ತಾವೀಜ್ ಕಟ್ಟಿಸಿ ಎಂದರು. ನನ್ನ ಗೆಳೆಯನೊಬ್ಬ ಎಲ್ಲಕ್ಕಿಂತ ಸುಲಭದ ದಾರಿ ತೋರಿಸಿದ: "ಕೈಯಾಗ ಮೊಬೈಲ್ ಕೊಡೋ ಮಾರಾಯ, ಕುಂತಲ್ಲಿಂದ ಏಳಾಂಗಿಲ್ಲ." ನಾಲ್ಕೂ ಸಲಹೆಗಳ ಒಳಗಿನ ಮಾತು ಒಂದೇ. ತಪ್ಪು ಕೂಸಿನದು, ಅದನ್ನು ನಿಲ್ಲಿಸಬೇಕು.

ಕೂಸಿನದು ತಪ್ಪೇ? ನೋಡೋಣ.

ನಡೆಯಲು ಎರಡು ಕಾಲಿನ ಮೇಲೆ ಮೈ ತೂಗಬೇಕು. ಹತ್ತಲು ನಾಲ್ಕೂ ಕೈಕಾಲುಗಳ ಆಸರೆ ಇರುತ್ತದೆ. ಆದ್ದರಿಂದ ನಡೆಯುವ ಮೊದಲೇ ಹತ್ತುವ ಕೂಸು ವಿಚಿತ್ರವೂ ಅಲ್ಲ, ಹಠಮಾರಿಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಅಭ್ಯಾಸ ಮಾಡಿ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಸ್ವತಂತ್ರವಾಗಿ ನಡೆಯುವುದಕ್ಕೆ ಸಹಜ ಅವಧಿ ಎಂಟು ತಿಂಗಳಿಂದ ಹದಿನೇಳೂವರೆ ತಿಂಗಳವರೆಗೆ ಹರಡಿದೆ. ಈ ದೀರ್ಘ ಅವಧಿಯಲ್ಲಿ ಕೂಸು ಕೈಕಟ್ಟಿ ಕೂರುವುದಿಲ್ಲ. ಮೆಟ್ಟಿಲು ಹತ್ತುವುದನ್ನು ಮಕ್ಕಳು ಸರಾಸರಿ ಹನ್ನೊಂದನೆಯ ತಿಂಗಳಿಗೆ ಕಲಿಯುತ್ತಾರೆ, ಇಳಿಯುವುದನ್ನು ಕಲಿಯಲು ಇನ್ನೂ ಒಂದೆರಡು ತಿಂಗಳು ಬೇಕು. ಹತ್ತುವಾಗ ಗುರಿ ಕಣ್ಣೆದುರು ಇರುತ್ತದೆ. ಇಳಿಯುವಾಗ ಕಾಲನ್ನು ಕಾಣದ ಕಡೆಗೆ ಚಾಚಬೇಕು. ಅಪಾಯ ಇರುವುದು ಈ ಎರಡು ತಿಂಗಳ ಅಂತರದಲ್ಲಿ. ಹತ್ತಲು ಬರುತ್ತದೆ, ಇಳಿಯಲು ಬರುವುದಿಲ್ಲ. ಹಾಗಾದರೆ ತಿಳಿದವರು ಮಾಡಬೇಕಾದದ್ದು ಏನು? ಕೂಸನ್ನು ಬೆನ್ನು ತಿರುಗಿಸಿ, ಕಾಲು ಮೊದಲು ಇಳಿಸುವುದನ್ನು ದಿನಕ್ಕೆ ಹತ್ತು ಸಲ ಆಟದಂತೆ ಹೇಳಿಕೊಡುವುದು. ನಾವು ಮಾಡುವುದು ಹಗ್ಗ ಹುಡುಕುವುದು.

ಅಮೆರಿಕದ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ನಡೆಯಲು ಕಲಿಯುತ್ತಿರುವ ಮಕ್ಕಳನ್ನು ಆಡಲು ಬಿಟ್ಟು ಎಣಿಸಿದರೆ, ಒಂದು ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಸಲ ಬೀಳುವುದು. ಗಂಟೆಗೆ ಹದಿನೇಳು! ಈ ಲೆಕ್ಕವನ್ನು ನಮ್ಮ ಮನೆಯ ದಿನಕ್ಕೆ ಹೊಂದಿಸಿ ನೋಡಿ. ರೊಟ್ಟಿ ಬಡಿಯುವ, ನೀರು ತರುವ, ಬಟ್ಟೆ ಒಗೆಯುವ, ಇನ್ನಿಬ್ಬರನ್ನು ಶಾಲೆಗೆ ಕಳಿಸುವ ಹೆಣ್ಣೊಬ್ಬಳ ಎರಡು ಕಣ್ಣುಗಳು ಈ ಹದಿನೇಳು ಬೀಳುಗಳನ್ನು ಕಾಯಬೇಕೆಂದು ಬಯಸುವುದು ನ್ಯಾಯವೇ? ಬೀಳುವುದು ಕಲಿಕೆಯ ಒಂದು ಭಾಗ. ಪ್ರಶ್ನೆ ಇರುವುದು ಎಲ್ಲಿಂದ ಬೀಳುತ್ತದೆ, ಎಲ್ಲಿಗೆ ಬೀಳುತ್ತದೆ ಎಂಬುದರಲ್ಲಿ.

ಕೂಸಿಗೆ ಬುದ್ಧಿಯಿಲ್ಲ ಎನ್ನುವವರಿಗೆ ಇನ್ನೊಂದು ಮಾತು. 1960ರಲ್ಲಿ ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಎಂಬ ಇಬ್ಬರು ವಿಜ್ಞಾನಿಗಳು ಗಾಜಿನ ಹಲಗೆಯೊಂದನ್ನು ಮಾಡಿದರು. ಒಂದು ಬದಿಯಲ್ಲಿ ಗಾಜಿಗೆ ಅಂಟಿಕೊಂಡೇ ನೆಲ, ಇನ್ನೊಂದು ಬದಿಯಲ್ಲಿ ಗಾಜಿನ ಕೆಳಗೆ ಆಳ. ಆರರಿಂದ ಹದಿನಾಲ್ಕು ತಿಂಗಳ 36 ಮಕ್ಕಳನ್ನು ನಡುವೆ ಕೂರಿಸಿ ತಾಯಂದಿರಿಂದ ಕರೆಸಿದರು. ಆಳ ಕಾಣುವ ಬದಿಗೆ ಹೋದವರು ಮೂವರೇ. ತಾಯಿ ಕರೆದರೂ ಹೋಗಲಿಲ್ಲ ಉಳಿದವರು. ಕಾಣುವ ಆಳಕ್ಕೆ ಕೂಸು ಅಂಜುತ್ತದೆ ಎಂದಾಯಿತು. ಆದರೆ ಈ ಅಂಜಿಕೆ ಬರುವುದು ತೆವಳಿ, ಏರಿ, ಬಿದ್ದು ಕಲಿತ ಮೇಲೆ. ಅಂಬೆಗಾಲಿನಲ್ಲಿ ಅಂಚನ್ನು ಗುರುತಿಸಲು ಕಲಿತ ಕೂಸು ನಡೆಯಲು ಶುರು ಮಾಡಿದಾಗ ಆ ಪಾಠವನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಪಲಂಗಕ್ಕೆ ಕಟ್ಟಿಹಾಕಿದ ಕೂಸು ಈ ಪಾಠವನ್ನು ಎಲ್ಲಿ ಕಲಿಯಬೇಕು? ಮತ್ತು ನಮ್ಮ ಹೊಲಗಳಲ್ಲಿ ಗೋಣಿಚೀಲ ಹಾಸಿ, ಜಾಲಿಮುಳ್ಳು ಎಳೆದು, ಮೇಲೊಂದು ಕಲ್ಲಿಟ್ಟ ಆ ಗೇಣಗಲದ ಆಳ ಯಾವ ಕೂಸಿನ ಕಣ್ಣಿಗೆ ಆಳವಾಗಿ ಕಾಣಬೇಕು? ದೊಡ್ಡವರ ಕಣ್ಣಿಗೂ ಅದು ನೆಲದಂತೆಯೇ ಕಾಣುತ್ತದೆ.

ಇನ್ನು ಆ ನಾಲ್ಕು ಸಲಹೆಗಳು. ತಾವೀಜಿನ ಬಗ್ಗೆ ನಾನು ಜಗಳ ಆಡುವುದಿಲ್ಲ, ಅದು ಮೆಟ್ಟಿಲಿಗೆ ಕಟಾಂಜನ ಹಾಕುವ ಕೆಲಸಕ್ಕೆ ಅಡ್ಡ ಬರದಿದ್ದರೆ ಸಾಕು. ವಾಕರ್ ಎಂಬ ಚಕ್ರದ ಗಾಡಿ ಕೂಸಿಗೆ ನಡೆಯಲು ಕಲಿಸುವುದಿಲ್ಲ, ಮೆಟ್ಟಿಲಿನ ಅಂಚಿಗೆ ಬೇಗ ಒಯ್ಯುತ್ತದೆ ಅಷ್ಟೆ. ಕೆನಡಾ ದೇಶ 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿತು. ನಮ್ಮಲ್ಲಿ ಅದು ಈಗಲೂ ಅಕೀಕಾದ ಉಡುಗೊರೆ, ತೊಟ್ಟಿಲ ಶಾಸ್ತ್ರದ ಉಡುಗೊರೆ. ಕಟ್ಟಿಹಾಕುವುದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸ್ಪಷ್ಟವಾಗಿ ಹೇಳಿದೆ: ಎಳೆಯ ಮಗುವನ್ನು ಒಂದೇ ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದಂತೆ ಬಿಗಿದಿಡಬಾರದು, ವರ್ಷದೊಳಗಿನ ಕೂಸಿಗೆ ಪರದೆ ತೋರಿಸಲೇಬಾರದು. ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಮುಂಬಯಿಯ ಬಟ್ಟೆ ಗಿರಣಿಗೆ ಹೋಗುವ ತಾಯಂದಿರು ಕೂಸಿಗೆ ಅಫೀಮು ಬೆರೆತ ಬಾಲಗೋಲಿ ತಿನ್ನಿಸಿ ಮಲಗಿಸಿ ಹೋಗುತ್ತಿದ್ದರು. ಪಾಳಿ ಮುಗಿಯುವವರೆಗೆ ಕೂಸು ಏಳುತ್ತಿರಲಿಲ್ಲ. ಇಂದು ನಾವು ಅದನ್ನು ಕೇಳಿ ಹೌಹಾರುತ್ತೇವೆ, ಹೌಹಾರುತ್ತಲೇ ಕೂಸಿನ ಕೈಗೆ ಮೊಬೈಲು ಕೊಡುತ್ತೇವೆ. ಆ ತಾಯಂದಿರಿಗೆ ಬೇರೆ ದಾರಿ ಇರಲಿಲ್ಲ. ಅಂಗಳದಲ್ಲಿ ಕುಳಿತು ಹರಟುವ ನಮಗೆ ಏನಾಗಿದೆ?

ನನ್ನ ಮಗಳು ಹೆಣ್ಣಾಗಿದ್ದರಿಂದ ಇನ್ನೂ ಒಂದು ಮಾತು ಕೇಳಬೇಕಾಯಿತು. ನನ್ನ ದೊಡ್ಡ ಮಗ ಇದೇ ವಯಸ್ಸಿನಲ್ಲಿ ಕಟ್ಟೆ ಹತ್ತಿದಾಗ ಓಣಿಯವರು "ಶೇರ್ ಹೈ ಶೇರ್" ಎಂದಿದ್ದರು. ಇವಳು ಹತ್ತಿದಾಗ ಅದೇ ಬಾಯಿಗಳು "ಅರೇ, ಲಡಕೀ ಹೈ, ಇತ್ತಾ ನಕ್ಕೋ" ಎಂದವು. ಗಂಡುಕೂಸು ಹತ್ತಿದರೆ ಹುಲಿ, ಹೆಣ್ಣುಕೂಸು ಹತ್ತಿದರೆ ಅತಿಯಾಯಿತು. ಇದು ನಮ್ಮ ಓಣಿಯ ರೋಗ ಮಾತ್ರವಲ್ಲ. 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹನ್ನೊಂದು ತಿಂಗಳ ಮಕ್ಕಳ ತಾಯಂದಿರನ್ನು ನಿಮ್ಮ ಕೂಸು ಎಷ್ಟು ಕಡಿದಾದ ಇಳಿಜಾರನ್ನು ದಾಟಬಲ್ಲದು ಎಂದು ಕೇಳಿದರು. ಗಂಡುಮಕ್ಕಳ ತಾಯಂದಿರು ಇದ್ದುದಕ್ಕಿಂತ ಹೆಚ್ಚು ಹೇಳಿದರು, ಹೆಣ್ಣುಮಕ್ಕಳ ತಾಯಂದಿರು ಕಡಿಮೆ ಹೇಳಿದರು. ಆಮೇಲೆ ಇಳಿಜಾರಿನ ಮೇಲೆ ಬಿಟ್ಟು ನೋಡಿದರೆ ಗಂಡು ಹೆಣ್ಣಿನ ನಡುವೆ ಯಾವ ಅಂತರವೂ ಇರಲಿಲ್ಲ. ಹೆಣ್ಣಿನ ಕಾಲಿಗೆ ಹಗ್ಗ ಹಾಕುವ ಕೆಲಸ ಮದುವೆಯ ವಯಸ್ಸಿಗೆ ಶುರುವಾಗುತ್ತದೆ ಎಂದು ನಾನು ತಿಳಿದಿದ್ದೆ. ಅದು ಹಲ್ಲು ಮೂಡುವ ವಯಸ್ಸಿಗೇ ಶುರುವಾಗುತ್ತದೆ.

ಧರ್ಮದ ಹೆಸರು ಹೇಳಿ ಮಕ್ಕಳನ್ನು ಗದರುವವರಿಗೆ ನೆನಪಿಸುತ್ತೇನೆ. ಸಜ್ದಾದಲ್ಲಿದ್ದ ಪ್ರವಾದಿಯವರ ಬೆನ್ನ ಮೇಲೆ ಮೊಮ್ಮಗ ಹತ್ತಿ ಕುಳಿತಾಗ ಅವರು ಕೂಸನ್ನು ಇಳಿಸಲಿಲ್ಲ, ಸಜ್ದಾವನ್ನೇ ಉದ್ದ ಮಾಡಿದರು. ಮೊಮ್ಮಗಳು ಉಮಾಮಾಳನ್ನು ಹೊತ್ತುಕೊಂಡೇ ನಮಾಜು ಮಾಡಿದರು. ಹೆಣ್ಣುಕೂಸು ಅದು, ಗಮನಿಸಿ. ಒರಳಿಗೆ ಕಟ್ಟಿದ ಕೂಸು ಒರಳನ್ನೇ ಎಳೆದುಕೊಂಡು ಹೋದ ಕಥೆಯನ್ನು ನನ್ನ ಹಿಂದೂ ಗೆಳೆಯರು ಪ್ರತಿವರ್ಷ ಸಂಭ್ರಮದಿಂದ ಕೇಳುತ್ತಾರೆ. ಬಾಗೇವಾಡಿಯ ಮನೆಯ ಹೊಸ್ತಿಲು ದಾಟಿ ಕೂಡಲಸಂಗಮದ ದಾರಿ ಹಿಡಿದ ಹುಡುಗನ ಹೆಸರನ್ನು ಊರಿಗೇ ಇಟ್ಟುಕೊಂಡವರು ನಾವು. ಕಥೆಯಲ್ಲಿ ದಾಟುವ ಮಕ್ಕಳನ್ನು ಹೊಗಳುತ್ತೇವೆ, ಮನೆಯಲ್ಲಿ ಟ್ರಂಕು ದಾಟುವ ಮಗಳಿಗೆ ದುಪಟ್ಟಾ ಕಟ್ಟುತ್ತೇವೆ.

ಈಗ ಮೊದಲಿನ ಮಾತಿಗೆ, ಬಾವಿಯ ಮಾತಿಗೆ ಬರುತ್ತೇನೆ.

ನನ್ನ ಬಾಲ್ಯ ಕಳೆದದ್ದು ಮುದ್ದೇಬಿಹಾಳ ತಾಲೂಕಿನ ಹಳ್ಳಿಯ ಒಂದು ಮಣ್ಣಿನ ಮಾಳಿಗೆ ಮನೆಯಲ್ಲಿ. ಮನೆಯ ಮುಂದೆ ಹಗೇವು ಇತ್ತು. ಗೊತ್ತಿಲ್ಲದ ಇಂದಿನ ಓದುಗರಿಗಾಗಿ ಹೇಳುತ್ತೇನೆ, ಹಗೇವು ಎಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ಆಳೆತ್ತರದ ಆ ಕುಣಿಯ ಬಾಯಿಗೆ ಕಲ್ಲುಚಪ್ಪಡಿ ಹಾಕಿ, ಸುತ್ತ ಮಣ್ಣು ಮೆತ್ತಿ, ಮೇಲೆ ನೆಲದ ಸಮ ಮಾಡಿ ಮುಚ್ಚುತ್ತಿದ್ದರು. ತೆರೆಯುವ ದಿನ ಮಕ್ಕಳನ್ನೆಲ್ಲ ದೂರ ಓಡಿಸುತ್ತಿದ್ದರು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಬಿಡುತ್ತಿದ್ದರು, ಕಂದೀಲು ಇಳಿಬಿಟ್ಟು ಅದು ಆರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಬ್ಬನನ್ನು ಇಳಿಸುತ್ತಿದ್ದರು. ಅಕ್ಷರ ಬಾರದ ನನ್ನ ಅಜ್ಜನಿಗೆ ಇಷ್ಟು ಶಿಸ್ತು ಇತ್ತು. ಅಂಥ ಅಜ್ಜಂದಿರ ಮೊಮ್ಮಕ್ಕಳಾದ ನಾವು ಅದರ ನೂರು ಪಟ್ಟು ಆಳದ ತೂತು ಕೊರೆದು, ನೀರು ಬೀಳಲಿಲ್ಲ ಎಂದು ಬೈದು, ಬೇರೆ ಕಡೆ ಬರುತ್ತದೆ ಎಂದು ಕೇಸಿಂಗ್ ಪೈಪನ್ನೂ ಕಿತ್ತುಕೊಂಡು, ಬಾಯಿ ತೆರೆದೇ ಬಿಟ್ಟು ಹೊರಟುಹೋಗುತ್ತೇವೆ. ಪೈಪು ಕಿತ್ತ ಮೇಲೆ ಅಂಚಿನ ಮಣ್ಣು ಕುಸಿದು ಬಾಯಿ ಇನ್ನೂ ಅಗಲವಾಗುತ್ತದೆ. ಜೋಳವಿದ್ದ ಕುಣಿಗೆ ಮುಚ್ಚಳವಿತ್ತು. ನೀರಿಲ್ಲದ ಕುಣಿಗೆ ಇಲ್ಲ. ಯಾಕೆಂದರೆ ಹಗೇವಿನಲ್ಲಿ ನಮ್ಮದೊಂದು ವಸ್ತು ಇತ್ತು. ಸೋತ ಬೋರಿನಲ್ಲಿ ನಮ್ಮದೇನೂ ಇಲ್ಲ, ಒಂದು ಕೂಸು ಬೀಳುವವರೆಗೆ.

ಇದು ಗೊತ್ತಿಲ್ಲದೆ ಆದ ತಪ್ಪೂ ಅಲ್ಲ. 2006ರ ಜುಲೈಯಲ್ಲಿ ಹರಿಯಾಣದ ಕುರುಕ್ಷೇತ್ರ ಜಿಲ್ಲೆಯ ಹುಡುಗನೊಬ್ಬ ಇಂಥ ತೂತಿಗೆ ಬಿದ್ದು ಎರಡು ದಿನಗಳ ನಂತರ ಬದುಕಿ ಬಂದಾಗ ಇಡೀ ದೇಶ ದೂರದರ್ಶನದ ಮುಂದೆ ಕುಳಿತಿತ್ತು. 2010ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ನಿಯಮಗಳನ್ನು ಕೊಟ್ಟಿತು. ಕೊರೆಯುವ ಹದಿನೈದು ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು. ಕೊರೆಯುವವರ ನೋಂದಣಿ ಆಗಬೇಕು. ಕೆಲಸ ನಡೆವ ಜಾಗದಲ್ಲಿ ಫಲಕ ಹಾಕಬೇಕು, ಮುಳ್ಳುತಂತಿಯ ಬೇಲಿ ಇರಬೇಕು. ಬಾಯಿಯ ಸುತ್ತ ನೆಲದ ಮೇಲೆ 30 ಸೆಂಟಿಮೀಟರು, ಕೆಳಗೆ 30 ಸೆಂಟಿಮೀಟರು ಸಿಮೆಂಟಿನ ಕಟ್ಟೆ ಕಟ್ಟಬೇಕು. ಬಾಯಿಗೆ ಉಕ್ಕಿನ ತಗಡು ಬೆಸುಗೆ ಹಾಕಬೇಕು, ಇಲ್ಲವೇ ಬೋಲ್ಟು ಹಾಕಿ ಬಿಗಿಯಬೇಕು. ಕೈಬಿಟ್ಟ ಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕು. ಇದರಲ್ಲಿ ನಮ್ಮ ಯಾವ ರೈತನಿಗೆ ಅರ್ಥವಾಗದ ಮಾತಿದೆ?

ಆದರೆ ಮುಂದೆ ನಡೆದದ್ದನ್ನು ನೋಡಿ. 2014ರ ಜೂನಿನಲ್ಲಿ ವಿಜಯಪುರದ ಹತ್ತಿರದ ನಾಗಠಾಣದಲ್ಲಿ ನಾಲ್ಕು ವರ್ಷದ ಹುಡುಗಿ ಬಿದ್ದಳು, ಬದುಕಿ ಬರಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಬಾದಾಮಿ ತಾಲೂಕಿನ ಸೂಳಿಕೇರಿಯಲ್ಲಿ ಆರು ವರ್ಷದ ಹುಡುಗ, ಅವನೂ ಬರಲಿಲ್ಲ. 2017ರ ಏಪ್ರಿಲಿನಲ್ಲಿ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಹುಡುಗಿ, ಅವಳೂ ಬರಲಿಲ್ಲ. 2024ರಲ್ಲಿ ಲಚ್ಯಾಣ. ಇವೆಲ್ಲ ಸುಪ್ರೀಂ ಕೋರ್ಟಿನ ಆದೇಶದ ನಂತರದ ಮಾತು. ರಾಜ್ಯದ 2011ರ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದು ಬಾವಿ ಮುಚ್ಚದವರಿಗೆ ಜೈಲು ಮತ್ತು ದಂಡ ಎಂದು ಬರೆದದ್ದು 2024ರಲ್ಲಿ, ಲಚ್ಯಾಣದ ನಂತರ. ಕಾನೂನು ಬಂದದ್ದು ಒಳ್ಳೆಯದೇ. ಆದರೆ ಪ್ರತಿ ಸಲವೂ ಒಂದು ಕೂಸು ಮೊದಲು ಬೀಳಬೇಕು, ಆಮೇಲೆ ನಾವು ಕಾಗದ ತೆಗೆಯಬೇಕು ಎಂಬ ಕ್ರಮವನ್ನು ನಾನು ಒಪ್ಪುವುದಿಲ್ಲ.

ಲಚ್ಯಾಣದ ಕೂಸು ಬದುಕಿದ್ದನ್ನು ಪವಾಡ ಎಂದರು. ರಾತ್ರಿಯಿಡೀ ಮಣ್ಣು ತೋಡಿದವರ ಕೈಗಳಿಗೆ ನಾನೂ ಸಲಾಂ ಮಾಡುತ್ತೇನೆ. ಆದರೆ ಪವಾಡ ಎಂಬ ಮಾತಿನಲ್ಲಿ ಒಂದು ಮೋಸವಿದೆ. ಅದು ಪ್ರಶ್ನೆಯ ಬಾಯಿ ಮುಚ್ಚುತ್ತದೆ, ಬಾವಿಯ ಬಾಯಿ ಮುಚ್ಚುವುದಿಲ್ಲ. ಬದುಕಿ ಬಂದರೆ ದೇವರ ದಯೆ, ಸತ್ತರೆ ತಾಯಿಯ ಅಲಕ್ಷ್ಯ. ಈ ಎರಡರ ನಡುವೆ ನಾವು ಗಂಡಸರು, ಹೊಲದ ಯಜಮಾನರು, ರಿಗ್ಗಿನ ಮಾಲೀಕರು, ಪಂಚಾಯಿತಿಯ ಸದಸ್ಯರು ಎಷ್ಟು ಸೊಗಸಾಗಿ ತಪ್ಪಿಸಿಕೊಂಡೆವು!

ಒಂದು ಆಕ್ಷೇಪಣೆಯನ್ನು ನಾನು ಕೇಳಿಸಿಕೊಳ್ಳಲೇಬೇಕು. "ಹಾಗಾದರೆ ಕೂಸನ್ನು ಕಾಯುವುದು ಮನೆಯವರ ಹೊಣೆಯಲ್ಲವೇ? ಹತ್ತುವ ಕೂಸನ್ನು ಬಿಟ್ಟುಬಿಡಬೇಕೇ?" ಹೊಣೆ ಖಂಡಿತ ಹೌದು. ನನ್ನ ಹೊಣೆ, ನನ್ನ ಹೆಂಡತಿಯ ಹೊಣೆ, ಇಬ್ಬರದೂ. ಆದರೆ ಕಣ್ಣಿನ ಕಾವಲು ದಣಿಯುತ್ತದೆ, ಮುಚ್ಚಳ ದಣಿಯುವುದಿಲ್ಲ. ಕಣ್ಣು ರೊಟ್ಟಿ ಹೊತ್ತೀತೆಂದು ಆ ಕಡೆ ಹೊರಳುತ್ತದೆ, ಕಟಾಂಜನ ಹೊರಳುವುದಿಲ್ಲ. ಅದಕ್ಕೇ ಎರಡೂ ಬೇಕು. ಮತ್ತು ಯಾರ ಕಣ್ಣು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯಿಂದ ಕಬ್ಬು ಕಡಿಯಲು, ಗೌಂಡಿ ಕೆಲಸಕ್ಕೆ ಮಹಾರಾಷ್ಟ್ರಕ್ಕೋ ಗೋವಾಕ್ಕೋ ಹೋಗುವ ಸಂಸಾರಗಳನ್ನು ನೋಡಿದವರಿಗೆ ಗೊತ್ತು. ಅಲ್ಲಿ ತಾಯಿ ಕುಡುಗೋಲು ಹಿಡಿದಿರುತ್ತಾಳೆ, ಅಕ್ಕನೆನಿಸಿಕೊಂಡ ಆರು ವರ್ಷದ ಹುಡುಗಿ ಕೂಸನ್ನು ಸೊಂಟದ ಮೇಲೆ ಹೊತ್ತಿರುತ್ತಾಳೆ. ಆ ತಾಯಿಗೆ "ನೀನು ಏನು ಮಾಡುತ್ತಿದ್ದಿ" ಎಂದು ಕೇಳುವ ಮುನ್ನ ಅವಳು ಕಡಿದ ಕಬ್ಬಿನ ಸಕ್ಕರೆಯ ಚಹಾ ಕುಡಿದ ನಾವು ನಾಚಿಕೊಳ್ಳಬೇಕು.

ಅಂಗನವಾಡಿ ಈ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು, ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರದಲ್ಲಿ. ಬಹಳ ದೊಡ್ಡ ಕೆಲಸ ಅದು. ಆದರೆ ಅಲ್ಲಿ ಕೂಸನ್ನು ಹೊತ್ತುಹೊತ್ತು ಇಟ್ಟುಕೊಂಡು ನೋಡಿಕೊಳ್ಳುವುದು ಮೂರು ವರ್ಷದಿಂದ. ಹತ್ತುವ, ಬೀಳುವ, ಬಾವಿಯ ಅಂಚಿಗೆ ಹೋಗುವ ವಯಸ್ಸು ಒಂದರಿಂದ ಮೂರು. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಕೆಲಸದ ಜಾಗಕ್ಕೆ ಐದು ಎಳೆಯ ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕೆಂದು ಬರೆದಿತ್ತು. ಅದು ಎಷ್ಟು ಕಡೆ ನಡೆಯಿತೆಂದು ಕೂಲಿಗೆ ಹೋದವರನ್ನು ಕೇಳಿ. 2023ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಯೋಜನೆ ತಂದಿತು, 4,000 ಗುರಿಯಿತ್ತು. ಹೆಸರೇ ಎಷ್ಟು ಚಂದ! ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ಬಾಗಿಲು ತೆರೆಯುತ್ತದೆಯೇ ಎಂದು ಹೋಗಿ ನೋಡಿದ್ದೀರಾ? ನಮಗಿಂತ ಬಡದೇಶವೆಂದು ನಾವು ಹೀಗಳೆಯುತ್ತಿದ್ದ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕೆರೆಕುಂಟೆಗಳಿಗೆ ಬಿದ್ದು ಸಾಯುವ ಎಳೆಯರನ್ನು ಉಳಿಸಲು 'ಆಂಚಲ್' ಎಂಬ ಶಿಶುಕೇಂದ್ರಗಳನ್ನು ನಡೆಸಿದರು. ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ, ಅಂದರೆ ಮನೆಗೆಲಸದ ಒತ್ತಡ ಹೆಚ್ಚಿರುವ ಹೊತ್ತಿಗೆ, ಊರಿನದೇ ಒಬ್ಬ ಹೆಂಗಸು ಓಣಿಯ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಮುಳುಗಿ ಸಾಯುವುದು ಬಹಳಷ್ಟು ಇಳಿಯಿತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ದಾರಿಯನ್ನು ಜಗತ್ತಿಗೇ ಸೂಚಿಸಿತು. ಅವರು ತಾಯಂದಿರಿಗೆ ಬೈಯಲಿಲ್ಲ, ತಾಯಂದಿರ ಆ ನಾಲ್ಕು ಗಂಟೆಗಳನ್ನು ಹಂಚಿಕೊಂಡರು.

ನಾನು ಕೇಳುತ್ತಿರುವುದು ಆಕಾಶದ ಚಂದ್ರನನ್ನಲ್ಲ. ಬೋರು ಕೊರೆಸಿದವರು ರಿಗ್ಗಿನವರಿಗೆ ಕೊನೆಯ ಕಂತಿನ ಹಣ ಕೊಡುವುದನ್ನು ಬಾಯಿಗೆ ಮುಚ್ಚಳ ಬಿಗಿಯುವವರೆಗೆ ತಡೆಹಿಡಿಯಲಿ. ಅಡಿಗೆ ಇಷ್ಟೆಂದು ಎಣಿಸಿ ಕೊಡುವವರಿಗೆ ಒಂದು ತಗಡಿನ ಹಣ ಭಾರವಾಗುವುದಿಲ್ಲ. ಗ್ರಾಮಸಭೆಯಲ್ಲಿ ಊರಿನ ಸೋತ ಬೋರುಗಳ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ. ಕೃಷಿಹೊಂಡಕ್ಕೆ ತಂತಿಬೇಲಿ ಹಾಕಿ. ಪ್ಲಾಸ್ಟಿಕ್ ಹಾಸಿದ ಆ ದಂಡೆಯಿಂದ ಜಾರಿದರೆ ದೊಡ್ಡವರೂ ಮೇಲೆ ಬರಲಾರರು. ಕಾಣೆಯಾದ ಮಗುವಿನ ಹೆಸರನ್ನು ಮಸೀದಿಯ, ಮಠದ ಧ್ವನಿವರ್ಧಕಗಳಲ್ಲಿ ಕೂಗುತ್ತೇವೆ. ಮಗು ಕಾಣೆಯಾಗುವ ಮೊದಲು ಒಂದು ಶುಕ್ರವಾರ, ಒಂದು ಸೋಮವಾರ ತೆರೆದ ಬಾವಿಯ ಬಗ್ಗೆ ಅದೇ ಧ್ವನಿವರ್ಧಕಗಳು ಮಾತಾಡಲಿ. ಕಟಾಂಜನವಿಲ್ಲದ ಮೆಟ್ಟಿಲು, ಗೋಡೆಯಿಲ್ಲದ ಮಾಳಿಗೆ, ಕೈಗೆಟಕುವ ಕ್ರಿಮಿನಾಶಕದ ಡಬ್ಬಿ, ನೆಲದ ಮೇಲಿನ ಒಲೆಯ ಕುದಿನೀರು, ಇವುಗಳ ಲೆಕ್ಕವನ್ನು ಪ್ರತಿ ಮನೆಯ ಗಂಡಸು ಒಂದು ಸಲ ಕೂಸಿನ ಎತ್ತರಕ್ಕೆ ಮೊಣಕಾಲೂರಿ ಕುಳಿತು ಮಾಡಲಿ. ನಮಾಜಿಗೆ, ಪೂಜೆಗೆ ಊರುವ ಮೊಣಕಾಲು ಇದಕ್ಕೂ ಊರಲಿ.

ಊರಿಗೆ ಬುದ್ಧಿ ಹೇಳಿದ ಮೇಲೆ ನನ್ನ ಲೆಕ್ಕವನ್ನೂ ಒಪ್ಪಿಸಬೇಕು. ಮಗಳ ಗದ್ದದ ಹೊಲಿಗೆ ಬಿಚ್ಚಿದ ವಾರ ನಾನು ಮುದ್ದೇಬಿಹಾಳದ ಕಡೆಯ ನಮ್ಮ ಹೊಲಕ್ಕೆ ಹೋದೆ. ಬದುವಿನ ಪಕ್ಕ ಆರು ವರ್ಷದ ಹಿಂದೆ ಅಣ್ಣ ಮತ್ತು ನಾನು ಸೇರಿ ಕೊರೆಸಿದ ಬೋರು ಇದೆ. ನೀರು ಬಿದ್ದಿರಲಿಲ್ಲ. ಪೈಪು ಕಿತ್ತು ಮಾರಿದ್ದೆವು, ನನ್ನ ಪಾಲಿನ ಹಣವನ್ನು ನಾನು ಎಣಿಸಿ ತೆಗೆದುಕೊಂಡಿದ್ದೆ. ಬಾಯಿಯ ಮೇಲೆ ಒಂದು ಗೋಣಿಚೀಲ, ಚೀಲದ ಮೇಲೆ ಒಂದು ಕಲ್ಲು. ಚೀಲ ಮಣ್ಣಾಗಿತ್ತು, ಕಲ್ಲು ಪಕ್ಕಕ್ಕೆ ಸರಿದಿತ್ತು. ಲಚ್ಯಾಣದ ಕೂಸಿಗಾಗಿ ಕೈಯೆತ್ತಿ ದುಆ ಮಾಡಿದ ಆ ರಾತ್ರಿಯೂ ಈ ಬಾವಿ ಹೀಗೇ ಬಾಯಿ ತೆರೆದಿತ್ತು. ನನಗೆ ಅದು ಗೊತ್ತಿತ್ತು. ನೆನಪಾಗಲಿಲ್ಲ, ಅಷ್ಟೆ.

ಎರಡು ದಿನ ನಿಂತು ತುಂಬಿಸಿದೆವು. ಮೊದಲು ಕಲ್ಲು, ಆಮೇಲೆ ಮರಳು, ಮೇಲೆ ಕಪ್ಪುಮಣ್ಣು. ಎಷ್ಟು ಹಾಕಿದರೂ ಒಳಗೆ ಇಳಿಯುತ್ತಲೇ ಇತ್ತು. ಟ್ರಾಕ್ಟರಿನ ಹುಡುಗ "ಇದು ಇಷ್ಟ ಆಳ ಐತಂತ ಗೊತ್ತ ಇರ್ಲಿಲ್ರೀ" ಎಂದ.

ಮನೆಯಲ್ಲಿ ಟ್ರಂಕನ್ನು ಕಿಟಕಿಯಿಂದ ದೂರ ಸರಿಸಿದ್ದೇವೆ. ಮೆಟ್ಟಿಲಿಗೆ ಕಟಾಂಜನ ಬಂದಿದೆ. ಮಗಳು ಈಗ ನಡೆಯುತ್ತಾಳೆ, ಓಡುತ್ತಾಳೆ, ಹತ್ತುವುದನ್ನು ಮಾತ್ರ ಬಿಟ್ಟಿಲ್ಲ. ಗದ್ದದ ಕೆಳಗೆ ಒಂದು ಸಣ್ಣ ಗೆರೆ ಉಳಿದಿದೆ. ಅದು ಹೇಗಾಯಿತೆಂದು ಮನೆಗೆ ಬಂದವರು ಕೇಳಿದರೆ ಹೆಂಡತಿ ಬಾಯಿ ತೆರೆಯುವ ಮೊದಲು ಈಗ ನಾನೇ ಹೇಳುತ್ತೇನೆ: "ನಾನು ಆರು ಹೆಜ್ಜೆ ದೂರದಲ್ಲಿದ್ದೆ, ನೋಡಲಿಲ್ಲ."